ನಲವತ್ತೆರಡು ಮನೆಗಳ ಅನಸುಬಾಯಿ

ಅನಸುಬಾಯಿ ನನ್ನ ಗೆಳತಿ ಎಂದು ಬಾಯಿಬಿಟ್ಟು ಹೇಳಲು ನನಗೆ ಅರವತ್ತೊಂದು ವರ್ಷ ಹಿಡಿಯಿತು. ಇಬ್ಬರೂ ಚಿಮ್ಮನಚೋಡದವರು, ಒಂದೇ ವರ್ಷ ಹುಟ್ಟಿದವರು. ನಾನು ಹೊಲದ ಮಾಲೀಕರ ಮಗಳು ದಾನೇಶ್ವರಿ, ಅವಳು ಅದೇ ಹೊಲದಲ್ಲಿ ಕಳೆ ತೆಗೆಯುವವಳ ಮಗಳು. ಅಷ್ಟು ಅಂತರವಿದ್ದವರು ಹಳ್ಳಿಯಲ್ಲಿ ಒಟ್ಟಿಗೆ ಆಡಬಹುದಿತ್ತು, ಒಟ್ಟಿಗೆ ಉಣ್ಣುವಂತಿರಲಿಲ್ಲ. ಮುಂದೆ ನಾನು ಸೇಡಂನಲ್ಲಿ ಟೀಚರಾಗಿ ಮೂವತ್ತು ವರ್ಷ ಮಕ್ಕಳಿಗೆ ಸಮಾನತೆಯ ಪಾಠ ಮಾಡಿದೆ. ಪಾಠ ಚೆನ್ನಾಗಿಯೇ ಮಾಡಿದೆ. ನನ್ನ ಮೇಲೆ ಮಾತ್ರ ಅದರ ಪರಿಣಾಮ ತಡವಾಗಿ ಆಯಿತು.

ಅನಸುಬಾಯಿ ಊರು ಬಿಟ್ಟು ಇಪ್ಪತ್ನಾಲ್ಕು ವರ್ಷವಾಯಿತು. ಗಂಡ ಸತ್ತ ವರ್ಷವೇ ಹತ್ತು ವರ್ಷದ ಮಗ ದೇವಿಂದ್ರನನ್ನು ಕರೆದುಕೊಂಡು ಆಡಕಿಯ ಭೀಮಶ್ಯಾ ಮೇಸ್ತ್ರಿಯ ಗುಂಪಿನ ಜೊತೆ ಹೊರಟಳು. ಶಹಾಬಾದಿನ ಕಲ್ಲು ಲಾರಿ ಹತ್ತಿ ಎಲ್ಲಿಗೆ ಹೋದರೂ ಅದನ್ನು ನೆಲಕ್ಕೆ ಕೂರಿಸುವ ಕೈಗಳೂ ಅದರ ಹಿಂದೆ ಹೋಗಬೇಕಲ್ಲ. ಸಮುದ್ರದ ದಂಡೆಯ ಆ ಊರಿನಲ್ಲಿ ಆಗಷ್ಟೇ ರೆಸಾರ್ಟುಗಳು ಏಳುತ್ತಿದ್ದವು, ಅಂಗಳಕ್ಕೆ, ಈಜುಕೊಳದ ಸುತ್ತ ಹಾಸಲು ನಮ್ಮ ಕಲ್ಲೇ ಬೇಕಿತ್ತು. ಆ ಊರಿಗೆ ಅದರದೇ ಹೆಸರಿದೆ, ದೊಡ್ಡ ದೊಡ್ಡ ಬೋರ್ಡುಗಳ ಮೇಲೆ ಬರೆದಿದ್ದಾರೆ. ನಮ್ಮ ಕಡೆಯವರಿಗೆ ಮಾತ್ರ ಅದು ಬರೀ 'ದಂಡಿ'. "ಮಗ ಎಲ್ಲವ್ನ?" ಎಂದರೆ "ದಂಡಿಗಿ ಹೋಗ್ಯಾನ" ಅನ್ನುತ್ತಾರೆ, ಚಿಂಚೋಳಿ ಸಂತೆಗೆ ಹೋಗಿದ್ದಾನೆ ಎಂಬಷ್ಟು ಸಲೀಸಾಗಿ.

ಎರಡು ವರ್ಷದ ಹಿಂದೆ ನಾವು ನಿವೃತ್ತ ಶಿಕ್ಷಕರು ಬಸ್ಸು ಮಾಡಿಕೊಂಡು ಸಮುದ್ರ ನೋಡಲು ಹೋದದ್ದು ಅದೇ ಊರಿಗೆ. ಸಮುದ್ರ ನೋಡಿದೆ, ಉಪ್ಪಾಗಿತ್ತು. ಆದರೆ ಹೋಟೆಲಿನ ಹಿಂದಿನ ಓಣಿಯಲ್ಲಿ ಯಾರೋ "ಬರ್ರಿ, ಕುಂದ್ರಿ, ಬಿಸಿ ರೊಟ್ಟಿ ಅವ" ಎಂದಾಗ ನಿಂತುಬಿಟ್ಟೆ. ನೋಡಿದರೆ ಅನಸುಬಾಯಿ. ಕಲ್ಲು ಹೊತ್ತು ಬೆನ್ನು ಸೋತ ಮೇಲೆ ಜೋಳದ ರೊಟ್ಟಿ ಬಡಿಯುವ ಕೆಲಸ ಹಿಡಿದಿದ್ದಳು. ನನ್ನನ್ನು ನೋಡಿ ಎರಡು ನಿಮಿಷ ಬಡಿಯುವುದನ್ನೇ ಮರೆತಳು. ಹೆಂಚಿನ ಮೇಲಿನ ರೊಟ್ಟಿ ಹೊತ್ತಿಹೋಯಿತು.

ಅವಳೇ ನನಗೆ ಊರು ತೋರಿಸಿದಳು. ಸಮುದ್ರದ ಮುಂದಿನ ಸಾಲು ಹಿಂದೆ ಮೀನುಗಾರರದಂತೆ. ಮಕ್ಕಳು ಮುಂಬಯಿಗೆ, ಅರಬ ದೇಶಗಳಿಗೆ ಹೋದರು, ಮನೆಗಳು ಮಾರಾಟವಾದವು, ಅಲ್ಲೀಗ ಬಣ್ಣದ ದೀಪದ ಹೋಟೆಲುಗಳು. ಎರಡನೇ ಸಾಲಿನಲ್ಲಿ ದೊಡ್ಡ ಊರುಗಳ ಶ್ರೀಮಂತರ ಫ್ಲಾಟುಗಳು. ವರ್ಷಕ್ಕೆ ಹದಿನೈದು ದಿನ ಜನ, ಮಿಕ್ಕ ದಿನ ಬೀಗ. ಅಡಿಗೆ ಮನೆಗಳಲ್ಲಿ ನೇಪಾಳದ ಹುಡುಗರು, ಹಾಸಿಗೆ ಹಾಸುವವರು ಅಸ್ಸಾಮಿನವರು, ಬಣ್ಣ ಹೊಡೆಯುವವರು ಬಿಹಾರದವರು. ಎಲ್ಲಕ್ಕೂ ಹಿಂದೆ, ಗುಡ್ಡದ ಬುಡದಲ್ಲಿ, ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆಯ ನಲವತ್ತೆರಡು ಮನೆಗಳ ಕಾಲೊನಿ. ಆ ಊರು ನಡೆಯುವುದೇ ಹೊರಗಿನಿಂದ ಬಂದವರಿಂದ, ಆ ಊರಿನವರನ್ನೇ ಹುಡುಕಬೇಕು. "ಇಲ್ಲಿ ಹುಟ್ಟಿದವ್ರು ಎಲ್ಲೇ?" ಎಂದು ಕೇಳಿದೆ. "ಅವ್ರೂ ನಮ್ಮಂಗೇ, ಇನ್ನೆಲ್ಲೋ ಕಾಲೊನಿ ಮಾಡ್ಕೊಂಡಿರ್ತಾರ," ಎಂದಳು.

ಈ ಕಾಲೊನಿಯವರು ಯಾವ ಹಬ್ಬ ಬಿಟ್ಟರೂ ಎಳ್ಳ ಅಮಾಸಿ ಬಿಡುವುದಿಲ್ಲ. ಡಿಸೆಂಬರಿನಲ್ಲಿ ನಮ್ಮ ಕಡೆ ಜೋಳ ಎದೆಮಟ್ಟ ನಿಂತಿರುತ್ತದೆ, ಕಡಲೆ ಕಾಯಿ ಕಟ್ಟಿರುತ್ತದೆ. ಆ ದಿನ ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ, ಮಾಡಿದ ಅಡಿಗೆಯನ್ನು ಮೊದಲು ಭೂಮಿಗೆ ಚೆಲ್ಲಿ, ಆಮೇಲೆ ತಾವು ಉಣ್ಣಬೇಕು. ಅದಕ್ಕೆ ಚರಗ ಚೆಲ್ಲುವುದು ಎನ್ನುತ್ತೇವೆ. ದಂಡಿಯಲ್ಲಿ ಪ್ರವಾಸಿಗರು ತುಂಬಿ ತುಳುಕುವ ಕಾಲವೂ ಅದೇ. ಹೋಟೆಲಿನ ಮಾಲೀಕರು ತಲೆ ಚಚ್ಚಿಕೊಂಡರೂ ಇವರು ಕೇಳುವುದಿಲ್ಲ. ಅಣ್ಣನದೋ, ಚಿಕ್ಕಪ್ಪನದೋ, ಲಾವಣಿಗೆಂದು ಗುತ್ತಿಗೆ ಹಿಡಿದದ್ದೋ, ಎಲ್ಲರಿಗೂ ಒಂದು ತುಂಡು ಹೊಲದ ನಂಟಿದೆ. ಇಡೀ ಕಾಲೊನಿ ನಾಲ್ಕು ದಿನ ಬೀಗ ಹಾಕಿಕೊಂಡು ಹೋಗುತ್ತದೆ.

ಅನಸುಬಾಯಿಯೊಬ್ಬಳಿಗೆ ಅಂಥ ಹೊಲವಿರಲಿಲ್ಲ. ಅದಕ್ಕೇ ಪ್ರತಿ ವರ್ಷ ನಲವತ್ತೊಂದು ಮನೆಯವರು ಕೀಲಿಕೈಗಳನ್ನು ಅವಳ ಕೈಗೆ ಕೊಟ್ಟು ಹೋಗುತ್ತಿದ್ದರು. "ನಿನಗೇನವ್ವಾ, ಎಲ್ಲೂ ಹೋಗೂದಿಲ್ಲ," ಎನ್ನುತ್ತಿದ್ದರು. ಕೆಟ್ಟ ಮನಸ್ಸಿನಿಂದ ಅಲ್ಲ. ಅವಳು ಅವರ ಕೋಳಿಗಳಿಗೆ ಕಾಳು ಹಾಕಿ, ತುಳಸಿಗೆ ನೀರು ಹಾಕಿ, ಬರುವಾಗ ಯಾರಾದರೂ ತರುವ ಕಡಬಿಗಾಗಿ ಕಾಯುತ್ತಿದ್ದಳು.

ಇದನ್ನು ಅವಳು ನಗುತ್ತಲೇ ಹೇಳಿದಳು. ನನಗೆ ಮಾತ್ರ ನಗು ಬರಲಿಲ್ಲ. ಚಿಕ್ಕಂದಿನಲ್ಲಿ ಎಳ್ಳ ಅಮಾಸಿಯ ದಿನ ನಾವು ಬನ್ನಿ ಮರದ ಕೆಳಗೆ ಸಾಲಾಗಿ ಕುಳಿತು ಉಣ್ಣುವಾಗ ಅವಳೂ ಅವಳ ಅವ್ವನೂ ಬದುವಿನ ಮೇಲೆ ಬುಟ್ಟಿ ಹಿಡಿದು ನಿಂತಿರುತ್ತಿದ್ದರು. ನಮ್ಮದೆಲ್ಲ ಮುಗಿದ ಮೇಲೆ ಅವರ ಬುಟ್ಟಿಗೆ ಮೇಲಿನಿಂದ ಹಾಕುತ್ತಿದ್ದರು. ಹಾಕಿದವಳು ಕೆಲವು ಸಲ ನಾನೇ.

ಅಪ್ಪನ ಪಾಲಿನಿಂದ ನನಗೆ ಬಂದ ಮೂರು ಎಕರೆ ಹೊಲವಿತ್ತು. ಕಳೆದ ಬೇಸಿಗೆಯಲ್ಲಿ ಅದರಲ್ಲಿ ಒಂದು ಎಕರೆಯನ್ನು ದೇವಿಂದ್ರ ತಾಯಿಯ ಹೆಸರಿಗೆ ಕೊಂಡುಕೊಂಡ. ದಾನ ಮಾಡಿದೆ ಎಂದು ಯಾರೂ ತಿಳಿಯಬೇಡಿ. ಕೊಂಡವನು ಸರಿಯಾಗಿ ಕೊಂಡ, ಮಾರಿದವಳು ಸರಿಯಾಗಿ ಮಾರಿದೆ. ಅನಸುಬಾಯಿ ಕಾಲೊನಿಯಲ್ಲಿ ಒಬ್ಬರಿಗೂ ಹೇಳಲಿಲ್ಲ. ದೃಷ್ಟಿ ತಾಕೀತು ಎಂದಳು. ಮಗ ನಕ್ಕರೆ, "ಬಾಬಾಸಾಹೇಬರು ದೃಷ್ಟಿ ಇಲ್ಲ ಅಂದಾರ, ಖರೇ. ಆದ್ರ ಪೈರು ಬರೂತನಕ ಸುಮ್ಮ ಇರೂದ್ರಾಗ ತಪ್ಪೇನದ?" ಎಂದು ಬಾಯಿ ಮುಚ್ಚಿಸಿದಳಂತೆ.

ಡಿಸೆಂಬರ್ ಬಂತು. ಅದೇ ತಿಂಗಳು ದಂಡಿಯ ಪುರಸಭೆ ಒಂದು ಸಮೀಕ್ಷೆ ಇಟ್ಟಿತು. ಊರಿನಲ್ಲಿ ಯಾರು ಯಾರು ಇದ್ದಾರೆ, ಎಲ್ಲಿಂದ ಬಂದವರು, ಎಷ್ಟು ವರ್ಷದಿಂದ ಇದ್ದಾರೆ ಎಂದು ಮನೆ ಮನೆಗೆ ಬಂದು ಬರೆದುಕೊಳ್ಳುತ್ತಾರೆ. ಗುಡ್ಡದ ಬುಡದ ಮನೆಗಳಲ್ಲಿ ಜನ ಇದ್ದದ್ದು ಬರಹಕ್ಕೆ ಬಂದರೆ ಹಕ್ಕುಪತ್ರ. ಖಾಲಿ ಎಂದು ಬರೆದುಕೊಂಡರೆ ಮನೆ ತೆಗೆಸಿ ವಾಹನ ನಿಲ್ಲಿಸುವ ಜಾಗ ಮಾಡುತ್ತಾರೆ. ಕಾಲೊನಿಗೆ ಬರುವ ದಿನ ಇಪ್ಪತ್ನಾಲ್ಕು ಎಂದು ಚೀಟಿ ಅಂಟಿಸಿದ್ದರು. ಅಮಾಸಿ ಹತ್ತೊಂಬತ್ತಕ್ಕೆ. ಭೀಮಶ್ಯಾ ಲೆಕ್ಕ ಹಾಕಿದ: ಅಮಾಸಿ ಮುಗಿಸಿ ಇಪ್ಪತ್ತೆರಡಕ್ಕೆ ಎಲ್ಲರೂ ವಾಪಸ್. ಅದಕ್ಕೂ ಮೊದಲು ಯಾರಾದರೂ ಬಂದರೆ ಅನಸುಬಾಯಿ ಇದ್ದೇ ಇದ್ದಾಳೆ. "ಕೀಲಿ ತೆಗದು ತೋರ್ಸು, ಮಂದಿ ಇರೋ ಮನಿ ಅಂತ ಹೇಳು," ಎಂದು ಮೊದಲೇ ಹೇಳಿಟ್ಟ.

ಅವಳು ನನಗೆ ಫೋನು ಮಾಡಿದಳು. "ದಾನವ್ವಾ, ಈ ವರ್ಷ ನಾ ಬರೂದು ಬ್ಯಾಡ ಅನಸ್ತದ. ನೀನೇ ನಂದೂ ಚೆಲ್ಲಿಬಿಡು."

ಈಗ ನನ್ನ ಪಾಲಿನ ತಪ್ಪನ್ನು ಹೇಳಬೇಕು. ಸರಕಾರಿ ನೌಕರಿ ಮಾಡಿದವಳು ಎಂಬ ಜಂಬ ನನಗೆ. "ಇಪ್ಪತ್ನಾಕಕ್ಕ ಬರ್ತೀನಿ ಅಂದವ್ರು ಇಪ್ಪತ್ತೆಂಟಕ್ಕ ಬಂದ್ರ ನಿಮ್ಮ ಪುಣ್ಯ. ಸರಕಾರದವ್ರು ಹೇಳಿದ ದಿನಕ್ಕಿಂತ ಮದಲ ಬಂದದ್ದು ನಾ ಮೂವತ್ತು ವರ್ಷದಾಗ ನೋಡಿಲ್ಲ. ನಿನ್ನ ಹೊಲಕ್ಕ ನೀನೇ ಬರಬೇಕು, ಬಾ," ಎಂದು ಗದರಿಸಿದೆ. ಎರಡು ದಿನ ತಡೆದಳು. ಮೂರನೇ ದಿನ, ಎಲ್ಲರೂ ಊರಿಗೆ ಹೊರಟ ಮೇಲೆ, ಕೀಲಿಕೈಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿ, ಎದೆಗವಚಿಕೊಂಡು, ಯಾರಿಗೂ ಹೇಳದೆ ಗಾಡಿ ಹತ್ತಿದಳು. ದೇವಿಂದ್ರ ಹೋಟೆಲಿನ ಕೆಲಸದ ಮೇಲೆ ಪಕ್ಕದ ಊರಿಗೆ ಹೋಗಿದ್ದ.

ಅಮಾಸಿಯ ದಿನ ಅವಳು ತನ್ನ ಎಕರೆಯ ನಟ್ಟನಡುವೆ ನಿಂತದ್ದನ್ನು ನಾನು ನೋಡಿದೆ. ಎಲ್ಲರಂತೆ ದೇವರೆಂದು ಕಲ್ಲು ಇಟ್ಟು ಪೂಜೆ ಮಾಡಲಿಲ್ಲ. "ಅದೆಲ್ಲ ನಾವು ಬಿಟ್ಟೀವಿ, ಭೂಮಿಗೆ ಉಣಸೂದು ಮಾತ್ರ ಬಿಡೂದಿಲ್ಲ," ಎಂದಳು. ಸೊಪ್ಪು, ಕಾಳು ಕೂಡಿಸಿ ಬೇಯಿಸಿದ ಭಜ್ಜಿ, ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ ಎಲ್ಲ ಕಲೆಸಿ ನಾಲ್ಕೂ ಬದು ಸುತ್ತಿ ಮುಟಿಗೆ ಮುಟಿಗೆ ಚೆಲ್ಲಿದಳು. ಚೆಲ್ಲುವಾಗ ದನಿ ಎತ್ತಿ ಕೂಗು ಹಾಕುವುದು ರೂಢಿ, ಅವಳ ಕೂಗು ಪಕ್ಕದ ಹೊಲಕ್ಕೂ ಕೇಳಿಸಿತು. ಬದುವಿನ ಮೇಲೆ ಬುಟ್ಟಿ ಹಿಡಿದು ನಿಂತವಳು ಈ ಸಲ ನಾನು. ಆಮೇಲೆ ಜೋಳದ ನೆರಳಿನಲ್ಲಿ ಕೂತು ನನಗೆ ಬಡಿಸಿದಳು. ಅವಳ ಕೈಯಿಂದ ಉಂಡದ್ದು ಅದೇ ಮೊದಲು, ಅದೂ ಅವಳ ಹೊಲದಲ್ಲಿ. ನನಗೆ ಸಂತೋಷವಾಯಿತು, ನಾಚಿಕೆಯೂ ಆಯಿತು. ನಾಚಿಕೆಯನ್ನು ಬಚ್ಚಿಡಲು ಭಜ್ಜಿಗೆ ಖಾರ ಜಾಸ್ತಿಯಾಗಿದೆ ಎಂದೆ.

ಎರಡನೇ ಹೋಳಿಗೆ ಮುರಿಯುವಷ್ಟರಲ್ಲಿ ಅವಳಿಗೆ ಫೋನು ಬಂತು. ಅಮೀರ್ ಅಲಿ. ಶಹಾಬಾದಿನವನು, ದಂಡಿಯ ಒಂದು ಹೋಟೆಲಿನಲ್ಲಿ ತೋಟದ ಮಾಲಿ, ವಾಸವೂ ಅಲ್ಲೇ.

"ಮೌಸಿ, ಎಲ್ಲಿದ್ದಿ ನೀ? ಸರ್ವೆದವ್ರು ಬಂದು ಹೋದ್ರು. ಎಲ್ಲಾ ಮನಿಗೂ ಕೀಲಿ. ಖಾಲಿ ಮನಿ ಅಂತ ಬಾಗಲ ಮ್ಯಾಲ ಸುಣ್ಣದ್ಲೆ ಗುರ್ತ ಹಾಕ್ಯಾರ. ನಾ ಓಡಿ ಹೋಗಿ, ಇಲ್ರಿ, ಹಬ್ಬಕ್ಕ ಹೋಗ್ಯಾರ ಅಂದೆ. ಅಮಾವಾಸ್ಯೆಗೆ ಎಂಥ ಹಬ್ಬ ಅಂತ ಕೇಳ್ತಾರ! ಐತವಾರ ಮುಂಜಾನಿ ಹನ್ನೊಂದಕ್ಕ ಇನ್ನೊಂದ್ ಸಲ ಬರ್ತಾರಂತ. ಅವಾಗ ಮನ್ಯಾಗ ಮನಿಷ್ಯಾ ಇದ್ರ ಬರಕೋತಾರ, ಇಲ್ಲಾಂದ್ರ ಪಟ್ಟಿ ಬಂದ್."

ಅಂದು ಶುಕ್ರವಾರ, ಭಾನುವಾರಕ್ಕೆ ನಡುವೆ ಒಂದೇ ದಿನ. ಅನಸುಬಾಯಿಯ ಕೈಯಲ್ಲಿದ್ದ ಹೋಳಿಗೆ ಅಲ್ಲೇ ಉಳಿಯಿತು. "ನನ್ನ ಒಂದ್ ಎಕರೆ ಹೊಲದ ಆಶಾಕ್ಕ ಎಲ್ಲಾರ ಮನಿ ಮುಳಗಸಿದೆ," ಎಂದಳು. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು, ಅವಳು ಅಳಲೂ ಇಲ್ಲ. ಕ್ರಿಸ್ಮಸ್ ಗದ್ದಲ ಶುರುವಾಗುವ ಮುಂಚೆಯೇ ಕೆಲಸ ಮುಗಿಸಲು ಸರ್ವೆಯವರು ಐದು ದಿನ ಮೊದಲೇ ಹೊರಟಿದ್ದರಂತೆ. ಮೂವತ್ತು ವರ್ಷದ ನನ್ನ ಅನುಭವ ಮಣ್ಣು ತಿಂದಿತು.

ಸುಮ್ಮನೆ ಕೂರುವ ಜಾತಿಯಲ್ಲ ನಾನು. ಇಬ್ಬರೂ ಬದುವಿನ ಮೇಲೆ ಕೂತು ಫೋನು ಹಚ್ಚಿದೆವು. ಆಡಕಿ, ಚಿತ್ತಾಪುರ, ಸೇಡಂ, ಚಿಂಚೋಳಿ, ಒಬ್ಬೊಬ್ಬರೂ ಒಂದೊಂದು ಹೊಲದಲ್ಲಿ ಬಾಯಿ ತುಂಬ ಕಡಬು ಇಟ್ಟುಕೊಂಡು ಫೋನು ಎತ್ತುತ್ತಿದ್ದರು. ಮಕ್ಕಳು ಮುದುಕರು ಇಲ್ಲೇ ಇರಲಿ, ಮನೆಗೊಬ್ಬರು ಶನಿವಾರ ಮಧ್ಯಾಹ್ನ ವಾಡಿ ಜಂಕ್ಷನ್ನಿಗೆ ಬರಬೇಕು, ಅಲ್ಲಿಂದ ಗಾಡಿ. ಭೀಮಶ್ಯಾನಿಗೆ ಅವಳೇ ಮಾಡಿದಳು. ಅತ್ತ ಕಡೆ ಒಂದೇ ಮಾತು ಕೇಳಿಸಿತು: "ನೀ ಅಲ್ಲಿ ಇಲ್ಲೇನು?" ಆಮೇಲೆ ಫೋನು ಕಟ್ಟಾಯಿತು.

ಬಾ ಎಂದವಳು ನಾನು. ಅವಳೊಬ್ಬಳನ್ನೇ ಬೈಸಿಕೊಳ್ಳಲು ಕಳಿಸಿದರೆ ನನಗೆ ಮುಖವಿಲ್ಲ. ಸೀರೆ ಎರಡು ಚೀಲಕ್ಕೆ ಹಾಕಿಕೊಂಡು ನಾನೂ ಹೊರಟೆ.

ವಾಡಿ ಸ್ಟೇಷನ್ನಿನಲ್ಲಿ ಸಿಮೆಂಟಿನ ಧೂಳು ಮುಖಕ್ಕೆ ಬಡಿಯುತ್ತಿತ್ತು. ಪ್ಲಾಟ್‌ಫಾರ್ಮಿನ ತುದಿಯಲ್ಲಿ ನಮ್ಮವರು. ಎಣಿಸಿದೆ, ಅನಸುಬಾಯಿಯನ್ನು ಸೇರಿಸಿ ನಲವತ್ತೆರಡು. ಒಬ್ಬರೂ ತಪ್ಪಿಸಿರಲಿಲ್ಲ. ಆಗಲೇ ನನ್ನ ಜೀವಕ್ಕೆ ಅರ್ಧ ಸಮಾಧಾನವಾಯಿತು. ಅನಸುಬಾಯಿ ಚೀಲ ಬಿಚ್ಚಿ, ತಲೆ ಎತ್ತದೆ, ಒಬ್ಬೊಬ್ಬರ ಕೈಗೂ ಅವರವರ ಕೀಲಿಕೈ ಹಾಕುತ್ತ ಬಂದಳು. ಯಾವುದು ಯಾರದು ಎಂದು ಒಮ್ಮೆಯೂ ತಡವರಿಸಲಿಲ್ಲ. ಕೊನೆಗೆ ಭೀಮಶ್ಯಾ.

"ಇಪ್ಪತ್ಮೂರು ವರ್ಷ ಒಂದಿನ ಎಲ್ಲಿಗೂ ಹೋಗದಾಕಿ, ಈ ವರ್ಷೇ ಯಾಕ ಬಂದಿ?" ಎಂದ. ದನಿ ಏರಿತ್ತು, ಚಹಾದವನೂ ತಿರುಗಿ ನೋಡಿದ.

ನಾನು ಬಾಯಿ ಹಾಕುವುದರೊಳಗೆ ಅವಳೇ ಹೇಳಿದಳು. "ನಂದೂ ಹೊಲ ಅದ."

"ಏನು?"

"ಒಂದ್ ಎಕರೆ. ಚಿಮ್ಮನಚೋಡದಾಗ. ಜೋಳ ಹಾಕೀನಿ. ಚರಗ ಚೆಲ್ಲಾಕ ಬಂದೆ."

ಭೀಮಶ್ಯಾ ಕೀಲಿಕೈಯನ್ನು ಅಂಗಿಯ ಕಿಸೆಗೆ ಹಾಕಿಕೊಂಡ. ನಲ್ಲಿಯ ಹತ್ತಿರ ಹೋಗಿ ಮುಖ ತೊಳೆದುಕೊಂಡ. ದಾರಿಯುದ್ದಕ್ಕೂ ಅವಳ ಜೊತೆ ಮಾತಾಡಲಿಲ್ಲ. ಬೈಗುಳವಾದರೆ ತಡೆದುಕೊಳ್ಳಬಹುದಿತ್ತು, ಆ ಮೌನಕ್ಕೆ ಅನಸುಬಾಯಿ ಇನ್ನಷ್ಟು ಕುಗ್ಗಿದಳು. ಹೆಂಗಸರು ಉಳಿದ ರೊಟ್ಟಿ ಬಿಚ್ಚಿ ಕೊಟ್ಟರೂ ಮುಟ್ಟಲಿಲ್ಲ.

ಭಾನುವಾರ ಗಾಡಿ ಒಂದೂವರೆ ತಾಸು ತಡ. ಹನ್ನೊಂದಾಯಿತು, ನಾವಿನ್ನೂ ಸ್ಟೇಷನ್ನಿನಲ್ಲಿ. ಆಟೋ ಹಿಡಿದು, ಟೆಂಪೊ ಹಿಡಿದು, ಕೊನೆಯವರು ಓಡಿಕೊಂಡೇ ಕಾಲೊನಿ ಮುಟ್ಟಿದಾಗ ಹನ್ನೊಂದೂಮುಕ್ಕಾಲು. ನೋಡುತ್ತೇವೆ, ಕಾಲೊನಿಯ ಬಾಯಲ್ಲೇ ಕುರ್ಚಿ ಹಾಕಿ ಸರ್ವೆಯ ಹೆಣ್ಣುಮಗಳನ್ನು ಕೂರಿಸಿದ್ದಾನೆ ಅಮೀರ್ ಅಲಿ. ಮೂರನೇ ಚಹಾ ಕುಡಿಸುತ್ತ, ಅವಳ ಮನೆಯ ದಾಸವಾಳಕ್ಕೆ ಹತ್ತಿದ ಹುಳಕ್ಕೆ ಏನು ಔಷಧ ಹೊಡೆಯಬೇಕು ಎಂದು ವಿವರವಾಗಿ ಹೇಳುತ್ತಿದ್ದಾನೆ. ನಮ್ಮನ್ನು ನೋಡಿ, "ಆಮ್ಯಾಲ ಬೇವಿನೆಣ್ಣೀ ಹೊಡೀರಿ, ಹೋಗ್ತದ," ಎಂದು ಥಟ್ಟನೆ ಪಾಠ ಮುಗಿಸಿದ.

ನಲವತ್ತೆರಡು ಬೀಗಗಳು ಒಂದೊಂದಾಗಿ ತೆರೆದುಕೊಂಡವು. ಎಲ್ಲರೂ ತಂತಮ್ಮ ಹೊಸ್ತಿಲ ಮೇಲೆ ನಿಂತರು. ಆಕೆ ಮನೆ ಮನೆಗೂ ಬಂದಳು, ಆಧಾರ ನೋಡಿದಳು, ಒಲೆ ನೋಡಿದಳು, ಊರಲ್ಲಿ ಉಳಿದ ಮಕ್ಕಳ ಹೆಸರೂ ಬರೆದುಕೊಂಡಳು, ಬಾಗಿಲ ಮೇಲಿನ ಸುಣ್ಣದ ಗುರುತನ್ನು ಒದ್ದೆ ಬಟ್ಟೆಯಿಂದ ತಾನೇ ಒರೆಸಿದಳು. ಒಳ್ಳೆಯ ಹೆಂಗಸು. ನಾನು ಮಾತ್ರ ಸುಮ್ಮನಿರಲಾರದೆ ಕೇಳಿಯೇ ಬಿಟ್ಟೆ.

"ಅಲ್ರೀ, ಆ ಎರಡನೇ ಸಾಲಿನ ಫ್ಲಾಟು ವರ್ಷಾನಗಟ್ಲೆ ಕೀಲಿ ಹಾಕಿರ್ತಾವು, ಅವು ಮನಿ. ಇವು ನಾಕ ದಿನ ಹಾಕಿದ್ರ ಖಾಲಿ?"

"ಅದಕ್ಕೆ ನಂಬರ್ ಉಂಟು, ಮೀಟರ್ ಉಂಟಲ್ಲ ಅಮ್ಮ," ಎಂದಳು. ಆಮೇಲೆ ಅವಳೇ ನಕ್ಕಳು. "ನೀವು ಹೇಳುವುದು ಸತ್ಯ ಮಾರಾಯ್ರೆ. ಈ ವಾರ್ಡಿನಲ್ಲಿ ದಿನಾ ಒಲೆ ಉರಿಯುವ ಮನೆ ಜಾಸ್ತಿ ಇರುವುದು ಇಲ್ಲೇ. ನಾವು ಇಲ್ಲಿಯವರೇ ಇನ್ನು ಎಷ್ಟು ಮನೆ ಉಳಿದಿದ್ದೇವೆ? ಇವರೂ ಇಲ್ಲದಿದ್ದರೆ ನಾನು ಯಾರನ್ನು ಬರೆದುಕೊಳ್ಳುವುದು?"

ಕೊನೆಯದು ಅನಸುಬಾಯಿಯ ಮನೆ. ಎಷ್ಟು ವರ್ಷದಿಂದ ಇದ್ದೀರಿ ಎಂದು ಕೇಳಿದರೆ ಅವಳು ಬೆರಳು ಎಣಿಸತೊಡಗಿದಳು. "ಇಪ್ಪತ್ನಾಕು," ಎಂದು ಹಿಂದಿನಿಂದ ನಾಲ್ಕೈದು ದನಿ ಒಟ್ಟಿಗೆ ಹೇಳಿದವು. ಆಕೆ ಬರೆದುಕೊಂಡು, ಮೊಬೈಲಿನಲ್ಲಿ ಏನೋ ಒತ್ತಿ, "ನಲವತ್ತೆರಡೂ ಆಯಿತು," ಎಂದಳು. ಎಲ್ಲರೂ ಇದ್ದಲ್ಲೇ ಕುಸಿದು ಕೂತರು. ಯಾರೋ ಚಹಾಕ್ಕೆ ನೀರಿಟ್ಟರು, ಯಾರೋ ಕೋಳಿಗಳನ್ನು ಬಿಟ್ಟರು. ಹೊತ್ತು ಹೋದಂತೆ ನಗು ಕೇಳಿಸತೊಡಗಿತು.

ಅನಸುಬಾಯಿ ಒಳಗೆ ಹೋಗಿರಲಿಲ್ಲ. ಹೊಸ್ತಿಲ ಮೇಲೇ ಕೂತು ಎಲ್ಲರಿಗೂ ಕೇಳುವಂತೆ ಹೇಳಿದಳು. "ತಪ್ಪಾತು. ಇನ್ಮುಂದ ನಾ ಎಲ್ಲೂ ಹೋಗಂಗಿಲ್ಲ. ಅಮಾಸಿಗಿ ನೀವೆಲ್ಲ ಹೋಗಿ ಬರ್ರಿ, ನನ್ನ ಹೊಲಕ್ಕ ದಾನವ್ವ ಚೆಲ್ತಾಳ."

ಎರಡು ದಿನದಲ್ಲಿ ಮೊದಲ ಸಲ ಭೀಮಶ್ಯಾ ಅವಳತ್ತ ಬಂದ. ಬಂದು ಎದುರಿಗೆ ನೆಲದ ಮೇಲೆ ಕೂತ.

"ಗಾಡ್ಯಾಗ ಬರೂತನಕ ಅದನ್ನೇ ಯೋಚ್ನಿ ಮಾಡ್ಲಿಕತ್ತಿದ್ದೆ, ಅನಸಕ್ಕ. ಇಪ್ಪತ್ಮೂರು ಅಮಾಸಿ ನಿನ್ನ ಕೈಯಾಗ ಕೀಲಿಕೈ ಕೊಟ್ಟು ಹೋಗೀವಿ. ನಮ್ಮ ಹೊಲಕ್ಕರ ಬಾ ಅಂತ ಒಬ್ಬರೂ ಕರೀಲಿಲ್ಲ ನೋಡು. ನಿನಗ ಹೊಲ ಇಲ್ಲ ಅಂದ್ರ ಹಬ್ಬಾನೂ ಇಲ್ಲ ಅಂತ ನಾವೇ ತಿಳಕೊಂಡ್ವಿ. ಬರೋ ಅಮಾಸಿಗಿ ನಾ ಇಲ್ಲಿ ಕುಂದ್ರತೀನಿ. ನೀ ಹೋಗು."

"ಮತ್ತ ನಿನ್ನ ಹೊಲ?"

"ನನ್ನ ಹೊಲಕ್ಕೂ ನೀನೇ ಒಂದ್ ಮುಟಿಗಿ ಚೆಲ್ಲಿ ಬಾ."

"ಚಿಮ್ಮನಚೋಡದಿಂದ ಆಡಕಿ ಭಾಳ ದೂರ ಅದ," ಎಂದಳು. "ಲಗೂ ಏಳಬೇಕಾಗ್ತದ, ಬಸ್ಸು ಸಿಗೂದಿಲ್ಲ." ಹೀಗೆ ಬಸ್ಸಿನ ಮಾತಾಡುತ್ತಲೇ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಈ ಇಪ್ಪತ್ನಾಲ್ಕು ವರ್ಷದಲ್ಲಿ ಅವಳಿಗೆ ಕಾಲೊನಿಯವರು ಯಾರಾದರೂ ಹಬ್ಬಕ್ಕೆ ಹೋಗು ಎಂದದ್ದು ಅದೇ ಮೊದಲು.